ಕಲ್ಲು ಕುಡಿದ ನೀರು

ಮನೆಗೆ ಬಂದ ನೆಂಟರಿಗೆ ಪಡಸಾಲೆ ತೋರಿಸುವುದುಂಟು, ದೇವರ ಕೋಣೆ ತೋರಿಸುವುದುಂಟು, ಹೊಸದಾಗಿ ಕಟ್ಟಿಸಿದ ಮಹಡಿಯಿದ್ದರೆ ಅದನ್ನಂತೂ ಕೈಹಿಡಿದು ಕರೆದೊಯ್ದು ತೋರಿಸುವುದುಂಟು. ‘ಬರ್ರಿ, ನಮ್ಮ ಬಚ್ಚಲಮನಿ ನೋಡ ಬರ್ರಿ’ ಎಂದು ಕರೆದವರು ಮಾತ್ರ ಇಲ್ಲ. ಮನೆಯ ಮಂದಿಯೆಲ್ಲ ದಿನಕ್ಕೊಮ್ಮೆಯಾದರೂ ಹೊಕ್ಕು ಹೊರಬರುವ ಈ ಪುಟ್ಟ ಕೋಣೆಯ ನೆನಪಾಗುವುದು ಅದು ಕೆಟ್ಟಾಗಲೇ. ಗೋಡೆ ತೇವ ಹಿಡಿದು, ನೆಲ ಜಾರತೊಡಗಿ, ಮುಗ್ಗಲು ವಾಸನೆ ಪಡಸಾಲೆಗೆ ಬಂದಾಗ ಎಲ್ಲರೂ ಒಮ್ಮೆಗೇ ಬಚ್ಚಲಿನ ಬಗ್ಗೆ ಮಾತಾಡತೊಡಗುತ್ತಾರೆ.

ಸಿಂಧನೂರಿನಿಂದ ಸಿರುಗುಪ್ಪದ ಕಡೆ ಹೋಗುವ ರಸ್ತೆ ತುಂಗಭದ್ರೆಯನ್ನು ದಾಟುವುದು ದಢೇಸುಗೂರಿನ ಸೇತುವೆಯ ಮೇಲೆ. ಹೊಳೆದಂಡೆಯ ಊರು, ಸುತ್ತ ಭತ್ತದ ಗದ್ದೆ. ಕೃಷಿ ಸಂಶೋಧನಾ ಕೇಂದ್ರವಿರುವುದರಿಂದ ಸುತ್ತಲಿನ ರೈತರಿಗೆ ಪರಿಚಿತವಾದ ಹೆಸರು. ಈ ಊರಿನ ಒಂದು ಸಾಧಾರಣ ಒಕ್ಕಲು ಮನೆಯಲ್ಲಿ ನಡೆದ ಬಚ್ಚಲಿನ ರಿಪೇರಿಯ ಸಂಗತಿ ಇದು. ರಿಪೇರಿ ಚಿಕ್ಕದು. ಆದರೆ ಅದು ಮುಗಿಯುವಷ್ಟರಲ್ಲಿ ಒಬ್ಬ ಮುದುಕಿ ಆಸ್ಪತ್ರೆ ನೋಡಿ ಬಂದಿದ್ದಳು, ಒಬ್ಬ ಹುಡುಗಿಯ ಕಾಲೇಜಿನ ದುಡ್ಡು ಕೈಬಿಡುವುದರಲ್ಲಿತ್ತು.

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿದ ಮೇಲೆ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾದವು. ಭತ್ತದ ದುಡ್ಡು ಕೈಗೆ ಬಂದ ಮೇಲೆ ಆ ಮನೆಯ ಯಜಮಾನ ಮಾಡಿಸಿದ ಮೊದಲ ಕೆಲಸವೆಂದರೆ ಬಚ್ಚಲಿಗೆ ಶಹಾಬಾದಿ ಪರಸಿ ಹಾಸಿಸಿದ್ದು. ಅದಕ್ಕೆ ಮುಂಚೆ ಹೆಂಗಸರು ಹಿತ್ತಲಿನಲ್ಲಿ ಸೀರೆ ಮರೆಮಾಡಿಕೊಂಡು ಜಳಕ ಮಾಡುತ್ತಿದ್ದರಂತೆ. ಹಾಗಾಗಿ ಆ ನೆಲ ಬರಿಯ ನೆಲವಲ್ಲ. ಗಂಡ ತೀರಿಕೊಂಡು ವರ್ಷಗಳೇ ಉರುಳಿದರೂ ‘ಅವ್ರು ಹಾಸಿದ ಕಲ್ಲು’ ಎಂದೇ ಅಜ್ಜಿ ಅದನ್ನು ಕರೆಯುವುದು. ಐವತ್ತು ವರ್ಷ ಆ ಕಲ್ಲು ಯಾವ ತಕರಾರೂ ಮಾಡಲಿಲ್ಲ.

ತಕರಾರು ಶುರುವಾದದ್ದು ಮಗ ಮಾಳಿಗೆಯ ಮೇಲೆ ನೀರಿನ ಟ್ಯಾಂಕು ಕೂರಿಸಿ, ಬಚ್ಚಲಿಗೆ ಶವರ್ ಹಾಕಿಸಿದ ಮೇಲೆ. ಗೋಡೆಗೆ ಮೂರಡಿ ಎತ್ತರ ಬಿಳಿ ಟೈಲ್ಸ್ ಕೂಡ ಅಂಟಿಸಲಾಯಿತು. ಹಂಡೆಯಿಂದ ತಂಬಿಗೆಯಲ್ಲಿ ತೋಡಿಕೊಂಡು ಮಿಂದಾಗ ತೋಯುತ್ತಿದ್ದುದು ನೆಲ ಮಾತ್ರ. ಶವರಿನ ನೀರಾದರೋ ಗೋಡೆಯ ಮೇಲೆಲ್ಲ ಸಿಡಿದು, ಟೈಲ್ಸ್‌ಗಿಂತ ಮೇಲಿನ ಗಿಲಾವನ್ನೂ ನೆನೆಸಿ, ಗೋಡೆ ನೆಲ ಕೂಡುವ ಮೂಲೆಗೆ ಇಳಿಯತೊಡಗಿತು. ಎರಡು ಮಳೆಗಾಲ ಕಳೆಯುವುದರೊಳಗೆ ಬಚ್ಚಲಿನ ಹಿಂದಿನ ಕೋಣೆಯ ಗೋಡೆಯಲ್ಲಿ ಉಪ್ಪು ಅರಳಿತು. ಅಲ್ಲೇ ಟ್ರಂಕಿನ ಪಕ್ಕ ನೆಲದ ಮೇಲೆ ಜೋಡಿಸಿದ್ದ ಮೊಮ್ಮಗಳ ಪುಸ್ತಕಗಳು ತಳದಲ್ಲಿ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡವು. ಹುಡುಗಿ ಹತ್ತನೆಯ ತರಗತಿ, ಮಾರ್ಚಿಯಲ್ಲಿ ಪರೀಕ್ಷೆ.

‘ಕಿತ್ತು ಒಗದು ಹೊಳೆಯೋ ಟೈಲ್ಸ್ ಹಾಕಿಸಿಬಿಡೋಣ’ ಎಂದ ಮಗ. ದುಡ್ಡೆಲ್ಲಿಯದು? ಮಗಳನ್ನು ಸಿಂಧನೂರಿನ ಕಾಲೇಜಿಗೆ ವಿಜ್ಞಾನಕ್ಕೆ ಸೇರಿಸಲೆಂದು ತೆಗೆದಿಟ್ಟದ್ದೊಂದಿತ್ತು. ‘ಹೊಳಿಯೋದು ನನಗ್ಯಾಕಪ್ಪ, ಜಾರದಂಗ ಇದ್ರ ಸಾಕು’ ಎಂದು ಅಜ್ಜಿ ಬೇರೆ ತಕರಾರು ತೆಗೆದಳು. ಅಜ್ಜಿಯ ಮಾತಿನಲ್ಲಿ ಹುರುಳಿತ್ತು. ನುಣುಪಾದ ಟೈಲ್ಸ್ ಮೇಲೆ ಸೋಪಿನ ನೀರು ಬಿದ್ದರೆ ವಯಸ್ಸಾದವರ ಕಾಲಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ಆದರೆ ಈಗ ಕಲ್ಲೂ ಜಾರುತ್ತಿತ್ತು. ಮೇಲೆ ಬೆಳ್ಳಗೆ ಗಾರು ಕಟ್ಟಿತ್ತು. ಸೊಸೆ ಅಂಗಡಿಯಿಂದ ಬಚ್ಚಲು ತೊಳೆಯುವ ಆಸಿಡ್ ತರಿಸಿ ಸುರಿದಳು. ನೆಲ ಬುಸುಗುಟ್ಟಿ ನೊರೆಯೆದ್ದಿತು. ಕೊಳೆ ಹೋಗುವುದೆಂದರೆ ಹೀಗೆಯೇ ಎಂದು ಎಲ್ಲರಿಗೂ ಸಮಾಧಾನವಾಯಿತು. ಬಿಳುಪು ಹೋಯಿತು ನಿಜ. ವಾರದೊಳಗೆ ಇನ್ನಷ್ಟು ದಟ್ಟವಾಗಿ ಬಂದಿತು. ಮತ್ತೆ ಆಸಿಡ್. ಬರಬರುತ್ತ ಕಲ್ಲಿನ ಕಪ್ಪು ಮಿರುಗು ಮಾಸಿ, ಮೈ ತರಿತರಿಯಾಯಿತು. ತರಿಯಾದಷ್ಟೂ ಕೊಳೆ ಹೆಚ್ಚು ಹಿಡಿಯಿತು.

ಅವಘಡವಾದದ್ದು ಅಂಥದೊಂದು ಬೆಳಿಗ್ಗೆ. ಹಿಂದಿನ ರಾತ್ರಿ ವಾಸನೆ ಹೋಗಲೆಂದು ಯಾರೋ ಮೂಲೆಗೆಲ್ಲ ಬ್ಲೀಚಿಂಗ್ ಪೌಡರ್ ಉದುರಿಸಿದ್ದರು. ಅದು ತಿಳಿಯದೆ ಸೊಸೆ ಆಸಿಡ್ ಸುರಿದು ಬಾಗಿಲು ಮುಂದೆ ಮಾಡಿ ಹೋದಳು. ಕಾಲು ತೊಳೆಯಲು ಒಳಗೆ ಹೋದ ಅಜ್ಜಿ ಮಣೆಯ ಮೇಲೆ ಕುಳಿತವಳು ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಏಳಲಾರದೆ ಕೂಗಿದಳು. ಪಾಠದಲ್ಲಿ ಓದಿದ್ದು ಮೊಮ್ಮಗಳ ನೆನಪಿಗೆ ಬಂತು. ಓಡಿ ಹೋಗಿ ಉಸಿರು ಬಿಗಿಹಿಡಿದು ಬಾಗಿಲು ಕಿಟಕಿ ತೆರೆದು, ಅಜ್ಜಿಯನ್ನು ಅಂಗಳಕ್ಕೆ ಎಳೆದು ತಂದಳು. ಅಂದು ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದ ಅಜ್ಜಿಯನ್ನು ಮನೆಗೆ ಕಳಿಸಿದ್ದು ಮರುದಿನ.

ಬ್ಲೀಚಿಂಗ್ ಪೌಡರಿಗೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಹೊರಬರುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಕಂದಕಗಳಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ತಗ್ಗಿಗೆ ಇಳಿದು ನಿಲ್ಲುತ್ತದೆ. ಕಂದಕದಲ್ಲಿ ಅಡಗಿದವನಿಗೆ ಹೇಗೋ, ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತವರಿಗೂ ಹಾಗೆಯೇ. ನಿಂತವರಿಗಿಂತ ಅವರಿಗೆ ಅಪಾಯ ಹೆಚ್ಚು. ಎರಡು ಬಾಟಲಿಗಳನ್ನು ಬೆರೆಸಿದರೆ ಎರಡರಷ್ಟು ಸ್ವಚ್ಛವಾಗುತ್ತದೆ ಎಂಬ ಲೆಕ್ಕ ಬಚ್ಚಲಿನಲ್ಲಿ ನಡೆಯದು.

ಆಸಿಡ್ ಮನೆಯಿಂದ ಹೊರಗೆ ಹೋಯಿತು. ಅದರ ಬದಲು ಪೇಟೆಯಿಂದ ಒಂದು ಡಬ್ಬಿ ಬಂದಿತು. ಬಳಿದರೆ ಸಾಕು, ಕಲ್ಲಿನೊಳಗೆ ನೀರು ಹೋಗದು ಎಂದು ಅಂಗಡಿಯವನು ಭರವಸೆ ಕೊಟ್ಟಿದ್ದ. ಮಗ ಮಧ್ಯಾಹ್ನ ನೆಲ ಒರೆಸಿ ಸಂಜೆಗೆ ಬಳಿದ. ಮರುದಿನ ನೆಲ ಕನ್ನಡಿಯಂತೆ ಮಿಂಚಿತು. ತಿಂಗಳೊಳಗೆ ಆ ಕನ್ನಡಿಯ ಅಡಿಯಲ್ಲಿ ಬೆಳ್ಳನೆಯ ಮೋಡ ಕವಿಯಿತು. ಆಮೇಲೆ ಅದು ಈರುಳ್ಳಿ ಸಿಪ್ಪೆಯಂತೆ ಸುಲಿದು ಬಂದಿತು. ದುಡ್ಡೂ ಹೋಯಿತು, ನೆಲವೂ ವಿಕಾರವಾಯಿತು.

ಕಡೆಗೆ ಕರೆಸಿದ್ದು ಊರಿನ ಹಳೆಯ ಗೌಂಡಿಯನ್ನು. ಕಣ್ಣು ಮಂದವಾಗಿ ಕೆಲಸ ಬಿಟ್ಟಿದ್ದ ಮುದುಕ. ಬಚ್ಚಲಿನ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ಸಂದುಗಳನ್ನು ಒತ್ತಿ ನೋಡಿ, ‘ಹಚ್ಚೋದು ಆಮ್ಯಾಲರೀ. ಮೊದಲು ನೀರು ಎಲ್ಲಿಂದ ಬರ್ತೈತಿ ಅದನ್ನ ಹೇಳ್ರಿ’ ಎಂದ. ಮನೆಯವರು ಮುಖ ಮುಖ ನೋಡಿಕೊಂಡರು. ನೀರು ಶವರಿನಿಂದ ಬರುತ್ತದೆ, ಇನ್ನೆಲ್ಲಿಂದ?

ಗೌಂಡಿ ನೀರು ಹೋಗುವ ತೂತಿಗೆ ಬಟ್ಟೆ ಬಿಗಿದು, ನೆಲದ ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ಟೈಲ್ಸ್ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಸಿದ. ರಾತ್ರಿಯೆಲ್ಲ ಯಾರೂ ಒಳಗೆ ಹೋಗಬಾರದು. ಆಗ ಮೊಮ್ಮಗಳಿಗೊಂದು ಅನುಮಾನ. ‘ತಾತ, ನೀರು ತಾನಾಗೇ ಆರಿ ಕಮ್ಮಿ ಆದ್ರ?’ ಅವಳು ಒಂದು ಪರಾತದಲ್ಲಿ ನೀರು ತುಂಬಿ, ಅದಕ್ಕೂ ಗೆರೆ ಹಾಕಿ, ಅದನ್ನು ಬಚ್ಚಲಿನ ಮೂಲೆಯಲ್ಲೇ ಇಟ್ಟಳು. ಪ್ರಯೋಗಶಾಲೆಯಲ್ಲಿ ಇದನ್ನು ಹೋಲಿಕೆಯ ವ್ಯವಸ್ಥೆ ಎನ್ನುತ್ತಾರೆ. ಬೆಳಿಗ್ಗೆ ನೋಡಿದರೆ ಪರಾತದ ನೀರು ಕೂದಲೆಳೆಯಷ್ಟು ಇಳಿದಿತ್ತು. ನೆಲದ ನೀರು ಒಂದು ಬೆರಳು. ಹಿಂದಿನ ಕೋಣೆಯ ಗೋಡೆಯ ಬುಡ ಹಸಿಯಾಗಿತ್ತು. ‘ನೋಡಿದ್ಯಾ ತಂಗಿ, ಮೂಲಿಯೊಳಗ ಬಾಯಿ ಬಿಟ್ಟೈತಿ’ ಎಂದ ಗೌಂಡಿ.

ಬಾಯಿ ಬಿಡಲು ಕಾರಣ ಊರಿನ ನೆಲದಲ್ಲೇ ಇದೆ. ಸಿಂಧನೂರು ಸೀಮೆಯ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳಿವೆ. ನೀರು ಹೀರಿದಾಗ ಅವು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಹೊಲವನ್ನು ಕಾಣದ ಮಕ್ಕಳು ಇಲ್ಲಿಲ್ಲ. ಅದೇ ಮಣ್ಣಿನ ಮೇಲೆ ನಿಂತ ಮನೆಯೂ ಕಣ್ಣಿಗೆ ಕಾಣದಷ್ಟು ಏರಿಳಿಯುತ್ತದೆ. ಗೋಡೆಯೊಂದು ಕಡೆ, ನೆಲವೊಂದು ಕಡೆ ಅಲುಗಿದರೆ ನಡುವಿನ ಮೂಲೆಯಲ್ಲಿ ತುಂಬಿದ ಬಿಳಿ ಸಿಮೆಂಟು ಬಿರಿಯಲೇಬೇಕು. ಹೊಳೆಯುವ ಟೈಲ್ಸಿನ ಮೈಯೊಳಗೆ ನೀರು ಹೋಗುವುದಿಲ್ಲ. ಆದರೆ ಟೈಲ್ಸಿನ ಗೋಡೆ ಎಷ್ಟು ಗಟ್ಟಿ ಎಂಬುದನ್ನು ನಿರ್ಧರಿಸುವುದು ಅದರ ಸಂದು.

ಗೌಂಡಿಯ ಎರಡನೆಯ ಪರೀಕ್ಷೆ ಇನ್ನೂ ಸರಳ. ನೆಲ ಒರೆಸಿ, ಕೈಯಗಲದ ಪಾಲಿಥಿನ್ ಹಾಳೆಯೊಂದನ್ನು ಕಲ್ಲಿನ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟರು. ಮೇಲ್ಮೈ ಒಣಗಿತ್ತು. ಹಾಳೆಯ ಅಡಿಯಲ್ಲಿ ಮಾತ್ರ ಹನಿಗಳು ಮುತ್ತಿದ್ದವು. ಅಂದರೆ ನೀರು ಮೇಲಿನಿಂದ ಇಳಿಯುವುದಷ್ಟೇ ಅಲ್ಲ, ಕೆಳಗಿನಿಂದಲೂ ಏರುತ್ತಿತ್ತು.

ಕಲ್ಲು ನೀರು ಕುಡಿಯುತ್ತದೆ ಎಂಬುದು ಕಥೆಯಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲೇರಿಸಿದಂತೆ, ಕಲ್ಲಿನೊಳಗಿನ ಸೂಕ್ಷ್ಮ ರಂಧ್ರಗಳು ನೀರನ್ನು ಸೆಳೆದುಕೊಳ್ಳುತ್ತವೆ. ಕಾಲುವೆ ಹರಿದು ಗದ್ದೆಗಳಲ್ಲಿ ನೀರು ನಿಲ್ಲುವ ತಿಂಗಳುಗಳಲ್ಲಿ ಸುತ್ತಲಿನ ಅಂತರ್ಜಲ ಮೇಲೆ ಬರುತ್ತದೆ. ಮಣ್ಣಿನ ಉಪ್ಪನ್ನು ಕರಗಿಸಿಕೊಂಡ ಆ ನೀರು ಕಲ್ಲಿನ ಮೂಲಕ ಏರಿ, ಮೇಲೆ ಆರಿಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಇಂಥ ಹಸಿ ನೆಲಕ್ಕೆ ಡಬ್ಬಿಯ ದ್ರವ ಬಳಿದು ಬಾಯಿ ಕಟ್ಟಿದರೆ ಆಗುವುದೇನು? ಆವಿ ಹೊರಬರಲಾರದೆ ಪೊರೆಯನ್ನು ಒಳಗಿನಿಂದ ತಳ್ಳುತ್ತದೆ, ಉಪ್ಪು ಪೊರೆಯ ಅಡಿಯಲ್ಲೇ ಹರಳುಗಟ್ಟುತ್ತದೆ. ಮಗ ಕಂಡ ಬಿಳಿ ಮೋಡ ಅದೇ. ದೋಷ ಡಬ್ಬಿಯದಷ್ಟೇ ಅಲ್ಲ, ಆತುರದ್ದೂ ಹೌದು.

ಇನ್ನು ಆಸಿಡ್ಡಿನ ಕಥೆ. ಹುಡುಗಿ ಒಂದು ಸಂಜೆ ಲಿಂಬೆಹಣ್ಣು ಹಿಂಡಿಕೊಂಡು ಮನೆಯೆಲ್ಲ ತಿರುಗಿದಳು. ಬಾಗಿಲ ಮುಂದಿನ ಗ್ರಾನೈಟ್ ಮೆಟ್ಟಿಲ ಮೇಲೆ ಒಂದು ಹನಿ, ಏನೂ ಆಗಲಿಲ್ಲ. ಬಚ್ಚಲಿನ ಪರಸಿಯ ಮೇಲೆ ಒಂದು ಹನಿ, ಸಣ್ಣ ಗುಳ್ಳೆಗಳೆದ್ದವು. ನಲ್ಲಿಯ ಕೆಳಗೆ ಕಟ್ಟಿದ ಬಿಳಿ ಗಾರಿನ ಮೇಲೆ ಒಂದು ಹನಿ, ಅಲ್ಲೂ ಗುಳ್ಳೆ. ಗಾರು, ಕಲ್ಲು ಎರಡರಲ್ಲೂ ಇರುವುದು ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬನೇಟ್! ಆಮ್ಲ ತಾಗಿದೊಡನೆ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರಗುತ್ತದೆ. ಗಾರನ್ನು ತಿನ್ನುವ ಆಸಿಡ್ ಕಲ್ಲನ್ನು ಬಿಟ್ಟೀತೆ? ಅಂದು ನೊರೆಯೆದ್ದದ್ದು ಕೊಳೆಯಲ್ಲ, ಅಜ್ಜ ಹಾಸಿದ ಕಲ್ಲು. ಹಬ್ಬಕ್ಕೆ ಮುಂಚೆ ಅಲ್ಲೇ ಕುಳಿತು ಹುಣಸೆಹಣ್ಣಿನಿಂದ ಹಿತ್ತಾಳೆಯ ಕೊಡ ತಿಕ್ಕುವುದೂ, ನಿಧಾನವಾಗಿಯಾದರೂ, ಅದೇ ಕೆಲಸ ಮಾಡುತ್ತ ಬಂದಿತ್ತು.

ಕಲ್ಲುಗಳಲ್ಲೂ ಕುಲಗೋತ್ರವಿದೆ. ಸಿಂಧನೂರಿಗೆ ದೂರವೇನಲ್ಲದ ಮಸ್ಕಿಯಲ್ಲಿ, ಆ ಅನಿಲ ಯುದ್ಧದ 1915ರಲ್ಲೇ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಬಂಡೆಯೊಂದರ ಮೇಲೆ ಅಶೋಕನ ಶಾಸನವನ್ನು ಕಂಡ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹೇಳಿ ತೋರಿಸಿಕೊಟ್ಟ ಶಾಸನ ಅದು. ಗ್ರಾನೈಟ್ ಜಾತಿಯ ಆ ಬಂಡೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಅಕ್ಷರಗಳನ್ನು ಕಾಪಾಡಿಕೊಂಡು ಬಂದಿದೆ. ಶಹಾಬಾದಿಯ ಮೂಲ ಬೇರೆ. ಕಲಬುರಗಿ ಸೀಮೆಯಲ್ಲಿ, ಭೂಮಿಯ ಮೇಲೆ ಮೀನುಗಳೂ ಹುಟ್ಟುವ ಮುನ್ನ, ಕಡಲ ತಳದಲ್ಲಿ ಪದರ ಪದರವಾಗಿ ಕುಳಿತ ಸುಣ್ಣದ ಕಲ್ಲು ಅದು. ಪದರವಿರುವುದರಿಂದಲೇ ಹಲಗೆಯಂತೆ ಎದ್ದು ಬರುತ್ತದೆ. ಮುಂಬಯಿ ಮದ್ರಾಸುಗಳ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು; ಶಹಾಬಾದ್ ಇರುವುದು ಅದೇ ದಾರಿಯಲ್ಲಿ. ಇತ್ತ ಕಡೆಯ ಎಷ್ಟೋ ಮನೆಗಳ ನೆಲ ಆ ಊರಿನ ಕಲ್ಲು. ಇಂಥ ಕಲ್ಲಿಗೆ ನೀರು ತಡೆಯುವ ಯಾವ ಲೇಪವನ್ನು ಕೊಟ್ಟರೂ ಅದು ಆಮ್ಲದಿಂದ ಕಾಪಾಡಲಾರದು ಎಂಬುದನ್ನು ಮನೆಯ ಹೆಂಗಸರೂ ಗಂಡಸರೂ ನೆನಪಿಡಬೇಕು.

‘ಈಗ ಏನೂ ಮಾಡಂಗಿಲ್ಲ. ಕಾಲುವಿ ಬಂದ್ ಆಗ್ಲಿ’ ಎಂದು ಗೌಂಡಿ ಎದ್ದು ಹೋದ. ಹುಡುಗಿಯ ಪುಸ್ತಕಗಳು ಅಟ್ಟಕ್ಕೇರಿದವು. ಶವರಿಗೆ ಬಟ್ಟೆ ಕಟ್ಟಿ, ಮತ್ತೆ ತಂಬಿಗೆ ಬಂದಿತು. ಬೋರಿನ ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಮೊಸರಿನಂಥ ಜಿಡ್ಡಾಗಿ ನೆಲಕ್ಕೆ ಅಂಟುತ್ತದೆ. ಅಜ್ಜಿಯ ಕಾಲು ಜಾರಿಸುತ್ತಿದ್ದುದು ಅದೇ. ಸೊಸೆ ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ ಮೆತ್ತಗಿನ ಬ್ರಷ್ಷಿನಿಂದ ವಾರಕ್ಕೆರಡು ಬಾರಿ ತಿಕ್ಕತೊಡಗಿದಳು. ಇದು ಸೋಪಿನಂತೆ ಜಿಡ್ಡು ಕಟ್ಟುವುದಿಲ್ಲ, ಕಲ್ಲನ್ನೂ ತಿನ್ನುವುದಿಲ್ಲ.

ಏಪ್ರಿಲ್ ಬಂತು. ಪರೀಕ್ಷೆ ಮುಗಿಯಿತು, ಕಾಲುವೆ ನಿಂತಿತು, ಗದ್ದೆ ಬಿರಿಯಿತು. ಹಿತ್ತಲಿನಲ್ಲಿ ತಗಡಿನ ಮರೆಕಟ್ಟಿ ಜಳಕಕ್ಕೆ ಅನುವು ಮಾಡಿದಾಗ ಅಜ್ಜಿ, ‘ತಿರುಗಿ ಮದುವಿಯಾಗಿ ಬಂದಂಗಾತು’ ಎಂದು ನಕ್ಕಳು. ಗೌಂಡಿ ಹೇಳಿದ, ಮಗ ಮಾಡಿದ. ಸುಲಿದ ಪೊರೆಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಉಳಿದುದನ್ನು ದ್ರಾವಕದಿಂದ ಒರೆಸಿದರು. ಆ ದ್ರಾವಕದ ಆವಿಗೆ ಬೆಂಕಿ ತಾಗಬಾರದೆಂದು ಹಂಡೆಯ ಒಲೆ ಅಂದು ಹಚ್ಚಲಿಲ್ಲ, ಕಿಟಕಿ ಮುಚ್ಚಲಿಲ್ಲ. ಸಡಿಲವಾದ ಸಂದುಗಳನ್ನು ಗಟ್ಟಿ ತಳ ಸಿಗುವವರೆಗೆ ಕೆದಕಿ ತೆಗೆದರು. ಹಿಂದಿನ ಕೋಣೆಯ ಗೋಡೆಯ ಉಪ್ಪನ್ನು ನೀರಿನಿಂದ ತೊಳೆಯದೆ ಒಣ ಬ್ರಷ್ಷಿನಿಂದ ಕೆಡವಿದರು. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಪರಸಿಯ ಸಂದುಗಳಿಗೆ ಸಿಮೆಂಟು ಮತ್ತು ಸಣ್ಣ ಮರಳು, ಟೈಲ್ಸಿನ ಸಂದುಗಳಿಗೆ ಅಂಗಡಿಯ ಗ್ರೌಟ್ ತುಂಬಿದರು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಕೂಡಿ. ಹಾಗಾಗಿ ಒಂದು ವಾರ ಹಸಿ ಗೋಣಿಚೀಲ ಹೊದಿಸಿದರು. ಗೋಡೆ ನೆಲ ಕೂಡುವ ಮೂಲೆಗೆ ಮಾತ್ರ ಸಿಮೆಂಟು ಬೇಡವೆಂದು ರಬ್ಬರಿನಂತೆ ಬಾಗುವ ಸಿಲಿಕೋನ್ ಎಳೆದರು. ಎರೆಮಣ್ಣು ಅಲುಗಿದರೆ ಅದೂ ಜೊತೆಗೆ ಹಿಗ್ಗಿ ಕುಗ್ಗುತ್ತದೆ. ಶವರಿನ ಕಡೆಯ ಗೋಡೆಗೆ ಟೈಲ್ಸನ್ನು ಶವರಿನ ಎತ್ತರದವರೆಗೂ ಏರಿಸಿದರು. ಆಮೇಲೆ ಮೂರು ವಾರ ಬಿಸಿಲಿನ ದಿನಗಳಲ್ಲಿ ಬಾಗಿಲು ತೆರೆದು ಸುಮ್ಮನೆ ಬಿಟ್ಟರು. ಮಗನಿಗೆ ಅತಿ ಕಷ್ಟವಾದದ್ದು ಈ ಸುಮ್ಮನಿರುವ ಕೆಲಸವೇ.

ಪಾಲಿಥಿನ್ ಹಾಳೆ ಮತ್ತೆ ನೆಲಕ್ಕೆ ಅಂಟಿತು. ಈ ಬಾರಿ ಅದರ ಅಡಿ ಒಂದೂ ಹನಿಯಿಲ್ಲ. ಆಗ ಹೊಸ ಡಬ್ಬಿ ತೆರೆದರು. ಇದು ಮೇಲೆ ಪೊರೆ ಕಟ್ಟುವ ಜಾತಿಯಲ್ಲ, ಕಲ್ಲಿನೊಳಗೆ ಇಳಿಯುವಂಥದು. ಇಂಥವುಗಳಲ್ಲಿ ಸೈಲೇನ್, ಸೈಲಾಕ್ಸೇನ್ ಎಂಬ ಸಿಲಿಕಾನಿನ ಸಂಯುಕ್ತಗಳಿರುತ್ತವೆ. ಅವು ರಂಧ್ರವನ್ನು ಮುಚ್ಚಿಬಿಡುವುದಿಲ್ಲ. ರಂಧ್ರದ ಒಳಗೋಡೆಗೆ ನೀರೊಲ್ಲದ ಅಸ್ತರಿಯಾಗಿ ಕೂರುತ್ತವೆ. ನೀರಿನ ಹನಿ ಒಳಗೆ ಹೋಗದು, ಆವಿ ಮಾತ್ರ ಹೊರಬರಬಹುದು. ಕೆಳಗಿನಿಂದ ಏರುವ ತೇವವಿರುವ ನೆಲಕ್ಕೆ ಇದು ತಕ್ಕದ್ದು. ತಾವರೆ ಎಲೆಯ ಮೇಲೆ ನೀರು ನಿಲ್ಲದಿರುವುದಕ್ಕೆ ಎಲೆಯ ಮೇಣದ ಜೊತೆಗೆ ಅದರ ಅತಿ ಸೂಕ್ಷ್ಮ ಗುಬುಟುಗಳೂ ಕಾರಣವೆಂದು 1997ರಲ್ಲಿ ಬಾರ್ತ್‌ಲೋಟ್ ಮತ್ತು ನೈನ್‌ಹೌಸ್ ಎಂಬ ಜರ್ಮನಿಯ ಸಸ್ಯವಿಜ್ಞಾನಿಗಳು ವಿವರಿಸಿದರು. ಕಲ್ಲಿಗೆ ಅಷ್ಟು ಚಮತ್ಕಾರ ಬರುವುದಿಲ್ಲ. ನೀರು ಒಡನೆ ಒಳಸೇರದೆ, ಒರೆಸಲು ಸಮಯ ಕೊಟ್ಟರೆ ಸಾಕು.

ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಕಲ್ಲಿಗೆ ಮಾತ್ರ ಹಚ್ಚಿ ಮರುದಿನ ನೋಡಿದರು, ಬಣ್ಣ ಕೆಡಲಿಲ್ಲ. ಆಮೇಲೆ ಬಟ್ಟೆಯಿಂದ ತೆಳ್ಳಗೆ ಬಳಿದು, ಕಲ್ಲು ಕುಡಿಯದೆ ಮೇಲೆ ಉಳಿದದ್ದನ್ನು ಒಣಗುವ ಮುಂಚೆಯೇ ಒರೆಸಿ ತೆಗೆದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಎರಡನೆಯ ಸಲ ಹಚ್ಚಿದರು. ನೆಲ ಮಿಂಚಲಿಲ್ಲ. ಏನಾದರೂ ಮಾಡಿದ್ದಾರೆಂದು ಕಾಣಲೇ ಇಲ್ಲ. ಆಸಿಡ್ ತಿಂದ ಜಾಗಗಳು ಮಾಸಿದಂತೆಯೇ ಉಳಿದವು. ‘ಇರ್ಲಿ ಬಿಡು, ಆ ತಪ್ಪು ಮತ್ತ ನೆನಪಿರಬೇಕಲ್ಲ’ ಎಂದು ಸೊಸೆಯೇ ಅಂದಳು.

ಇಂಥ ಲೇಪ ಒಮ್ಮೆ ಹಚ್ಚಿದರೆ ಜನ್ಮಕ್ಕಾಗುವಂಥದಲ್ಲ, ಸವೆಯುತ್ತದೆ. ಯಾವಾಗ ಸವೆಯಿತೆಂದು ಪಂಚಾಂಗ ಹೇಳುವುದಿಲ್ಲ, ಕಲ್ಲೇ ಹೇಳಬೇಕು. ಒಣ ನೆಲದ ಮೇಲೆ ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಕಾಯುವುದು. ನೀರು ಗುಂಡಗೆ ನಿಂತಿದ್ದರೆ ಸರಿ. ಕಲ್ಲು ಕಪ್ಪಗೆ ನೆನೆದಿದ್ದರೆ ಮತ್ತೊಮ್ಮೆ ಹಚ್ಚುವ ಕಾಲ ಬಂತೆಂದು ಅರ್ಥ. ಮನೆ ಸಾರಿಸಿ ತೊಳೆಯುವ ಯುಗಾದಿಗೊಮ್ಮೆ, ಮಹಾನವಮಿಗೊಮ್ಮೆ ಈ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಸಂದು ತುಂಬಿಸಲು, ಡಬ್ಬಿ ತರಲು ಆದ ಖರ್ಚು ಹೊಸ ನೆಲಕ್ಕೆ ಆಗಬಹುದಾಗಿದ್ದ ಖರ್ಚಿನ ಮುಂದೆ ಏನೇನೂ ಅಲ್ಲ. ತೆಗೆದಿಟ್ಟ ದುಡ್ಡು ತನ್ನ ಜಾಗದಲ್ಲೇ ಉಳಿಯಿತು.

ಜೂನಿನಲ್ಲಿ ಹುಡುಗಿ ಸಿಂಧನೂರಿನ ಕಾಲೇಜಿಗೆ ಹೊರಟಳು. ಮೊದಲ ದಿನ ಬೆಳಿಗ್ಗೆ, ಬಸ್ಸಿಗೆ ಹೊತ್ತಾಗಿದ್ದರೂ, ಬಚ್ಚಲಿಗೆ ಹೋಗಿ ಚಮಚದಿಂದ ನೀರು ಹನಿಸಿ ನೋಡಿದಳು. ಹನಿ ಅಜ್ಜ ಹಾಸಿದ ಕಲ್ಲಿನ ಮೇಲೆ ಗುಂಡಗೆ ಕುಳಿತಿತ್ತು. ಬಾಗಿಲಿಗೆ ಬಂದು ಇಣುಕಿದ ಅಜ್ಜಿ, ‘ಹೋಗವ್ವ, ಬಸ್ಸು ತಪ್ಪೀತು. ಐವತ್ತು ವರ್ಷ ಕುಡದೈತಿ, ಈಗ ಅದರ ಹೊಟ್ಟಿ ತುಂಬೈತಿ’ ಎಂದಳು.